ಮುಪ್ಪಿಗೆ ನಗುವಿರಲಿ, ಸಿಹಿಗೆ ಮಿತಿಯಿರಲಿ

ಜುಮಾ ನಮಾಝ್ ಮುಗಿದು ಜನ ಹೊರಬರುವ ಹೊತ್ತಿಗೆ ಮಸೀದಿಯ ಮೆಟ್ಟಿಲ ಬಳಿ ಸ್ವಲ್ಪ ನಿಂತು ಕೇಳಬೇಕು. ಗದಗ-ಬೆಟಗೇರಿಯಾಗಲಿ, ಲಕ್ಷ್ಮೇಶ್ವರವಾಗಲಿ, ಶಿರಹಟ್ಟಿ, ಮುಂಡರಗಿಯಾಗಲಿ, ನಮ್ಮ ಹಿರಿಯರು ಚಪ್ಪಲಿ ಹುಡುಕುತ್ತಲೇ ಮಾತಿಗೆ ತೊಡಗುತ್ತಾರೆ.

“ಏನ್ರಿ ಚಾಚಾ, ಹೆಂಗದೀರಿ?”

“ಏನ್ ಹೇಳ್ಲಿ ತಮ್ಮಾ, ಮೊದಲ ನಾ ಮೆಟ್ಟಲಾ ಏರತಿದ್ದೆ. ಈಗ ಮೆಟ್ಟಲಾ ನನ್ನ ಮ್ಯಾಲ ಏರಾಕತ್ತಾವ.”

ಸುತ್ತ ನಿಂತವರೆಲ್ಲ ನಗುತ್ತಾರೆ. ಮುಂದಿನ ಮಾತು ಬಹುತೇಕ ಒಂದೇ: “ಶುಗರ್ ಎಷ್ಟೈತಿ?” ಆಮೇಲೆ ಅದೇ ಗುಂಪು ಎದುರಿನ ಚಾದಂಗಡಿಗೆ ಹೋಗುತ್ತದೆ. ಶುಗರ್ ಎಷ್ಟಿದೆ ಎಂದು ಈಗತಾನೇ ಹೇಳಿದವರೇ ಎರಡು ಚಮಚ ಸಕ್ಕರೆಯ ಚಹಾ ಕುಡಿಯುತ್ತಾರೆ. “ಇನ್ನೇನ್ ಉಳದೈತಿ ಬಿಡ್ರಿ, ತಿಂದ ಸಾಯೂಣು” ಎಂದು ಒಬ್ಬರು ಅನ್ನುತ್ತಾರೆ. ಮತ್ತೆ ಎಲ್ಲರೂ ನಗುತ್ತಾರೆ.

ಈ ಎರಡು ನಗುಗಳ ಬಗ್ಗೆ ನಾವು ಇಲ್ಲಿ ಬರೆಯುತ್ತಿದ್ದೇವೆ. ಕೇಳಲು ಎರಡೂ ಒಂದೇ ರೀತಿ ಇವೆ. ಆದರೆ ಮೊದಲನೆಯದು ಮನಸ್ಸನ್ನು ಹಗುರ ಮಾಡುತ್ತದೆ, ಎರಡನೆಯದು ದೇಹವನ್ನು ಕೊಲ್ಲುತ್ತದೆ.

ಒಂದು ಹದೀಸ್, ಎರಡು ಪಾಠ

ಚಿಕಿತ್ಸೆ ಪಡೆಯಬಹುದೇ ಎಂದು ಕೆಲವರು ಪ್ರವಾದಿಯವರನ್ನು(ಸ) ಕೇಳಿದ ಪ್ರಸಂಗವನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಪಡೆಯಿರಿ, ಅಲ್ಲಾಹನು ಇಳಿಸಿದ ಪ್ರತಿಯೊಂದು ರೋಗಕ್ಕೂ ಔಷಧವನ್ನು ಇಟ್ಟಿದ್ದಾನೆ, ಒಂದಕ್ಕೆ ಮಾತ್ರ ಇಲ್ಲ ಎಂಬ ಅರ್ಥದ ಉತ್ತರ ಬಂತು. ಆ ಒಂದು ಯಾವುದೆಂದರೆ ಮುಪ್ಪು.

ನಮ್ಮ ಇಡೀ ವಿಷಯ ಈ ಒಂದು ಮಾತಿನಲ್ಲಿದೆ. ಮುಪ್ಪಿಗೆ ಮದ್ದಿಲ್ಲ. ಮೊಣಕಾಲು ನೋಯುತ್ತದೆ, ಕಿವಿ ಮಂದವಾಗುತ್ತದೆ, ಹೆಸರು ಮರೆಯುತ್ತದೆ. ಮನುಷ್ಯನನ್ನು ಬಲಹೀನನಾಗಿ ಹುಟ್ಟಿಸಿ, ಬಲ ಕೊಟ್ಟು, ಮತ್ತೆ ಬಲಹೀನತೆ ಮತ್ತು ನರೆಗೆ ಒಯ್ಯುವವನು ಅಲ್ಲಾಹನೇ ಎಂದು ಸೂರಃ ಅರ‍್ರೂಮ್ ನೆನಪಿಸುತ್ತದೆ. ತಪ್ಪಿಸಲಾಗದ ಇದರ ಬಗ್ಗೆ ಅತ್ತು ಕೂರುವುದಕ್ಕಿಂತ ನಗುವುದು ಒಳ್ಳೆಯದು. ಆದರೆ ಶುಗರ್ ಮುಪ್ಪಲ್ಲ, ಅದೊಂದು ರೋಗ. ಅದಕ್ಕೆ ಮದ್ದಿದೆ, ಪಥ್ಯವಿದೆ, ತಪಾಸಣೆಯಿದೆ. ಮದ್ದಿರುವುದನ್ನು ನಗೆಯಲ್ಲಿ ತೇಲಿಸಿಬಿಟ್ಟರೆ ಅಲ್ಲಾಹನು ಇಟ್ಟ ಔಷಧವನ್ನೇ ಬೇಡವೆಂದಂತೆ.

ಹಲ್ಲಿದ್ದಾಗ ಕಡಲೆ ಇರಲಿಲ್ಲ

ನಮ್ಮ ಹಿರಿಯರಿಗೆ ಸಿಹಿಯ ಆಸೆ ಏಕೆ ಇಷ್ಟು? ಬೈಯುವ ಮೊದಲು ಇದನ್ನು ತಿಳಿಯಬೇಕು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಅವರ ಬದುಕಿನಲ್ಲಿ ಅಕ್ಷರಶಃ ನಿಜವಾಗಿದೆ. ಬೆಟಗೇರಿಯ ಮಗ್ಗದ ಮುಂದೆ ಕೂತವರು, ಮುಂಡರಗಿ ಸೀಮೆಯ ಹೊಲಗಳಲ್ಲಿ ದುಡಿದವರು, ಸಂತೆಯಿಂದ ಸಂತೆಗೆ ಬಳೆ, ಬಟ್ಟೆ ಹೊತ್ತು ಮಾರಿದವರು ಚಿಕ್ಕಂದಿನಲ್ಲಿ ಸಿಹಿ ಕಂಡಿದ್ದು ವರ್ಷಕ್ಕೆ ಬೆರಳೆಣಿಕೆಯ ದಿನ. ರಮಝಾನ್ ಹಬ್ಬದ ಸುರಕುಂಬ, ಮೊಹರಮ್ಮಿನ ಚೊಂಗೆ, ಯಾರದಾದರೂ ನಿಕಾಹ್ ಆದರೆ ಒಂದು ತುತ್ತು ಝರ್ದಾ. ನೆರೆಮನೆಯವರು ಯುಗಾದಿಗೆ ಕಳಿಸಿದ ಹೋಳಿಗೆಯನ್ನು ಐದಾರು ಮಕ್ಕಳು ಹರಿದು ಹಂಚಿಕೊಂಡಿದ್ದನ್ನು ಅವರು ಇಂದಿಗೂ ನೆನೆಯುತ್ತಾರೆ.

ಇಂದು ಮಕ್ಕಳು ದುಡಿಯುತ್ತಿದ್ದಾರೆ. ಧಾರವಾಡಕ್ಕೆ ಹೋದವರು ಪೇಡಾ ತರುತ್ತಾರೆ, ಬೆಳಗಾವಿಯಿಂದ ಕುಂದಾ ಬರುತ್ತದೆ, ಗೋಕಾಕದಿಂದ ಕರದಂಟು ಬರುತ್ತದೆ. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಗೆ ಹೋದರೆ ಬೆಂಡು-ಬತ್ತಾಸು, ಲಕ್ಷ್ಮೇಶ್ವರದ ದೂದಪೀರಾಂ ದರ್ಗಾದ ಉರುಸಿಗೆ ಹೋದರೆ ಬಿಸಿ ಜಿಲೇಬಿ. ದಿನಕ್ಕೆ ನಾಲ್ಕು ಸಲ ಚಹಾ, ಜೊತೆಗೆ ಬಿಸ್ಕೀಟು ಇದ್ದೇ ಇದೆ. ಅಂದು ಹಬ್ಬಕ್ಕೆ ಮಾತ್ರ ಇದ್ದದ್ದು ಇಂದು ದಿನನಿತ್ಯದ ಊಟವಾಗಿದೆ. ಅಂದು ತಿಂದದ್ದನ್ನು ಕರಗಿಸುವ ದುಡಿಮೆಯೂ ಇತ್ತು, ಇಂದು ಅದಿಲ್ಲ.

ಇನ್ನೊಂದು ಕಾರಣ ದೇಹದೊಳಗಿದೆ. ನಾವು ಉಂಡ ಸಕ್ಕರೆಯ ದೊಡ್ಡ ಪಾಲನ್ನು ರಕ್ತದಿಂದ ಎಳೆದುಕೊಳ್ಳುವುದು ಸ್ನಾಯುಗಳು. ಮೂವತ್ತರ ನಂತರ ಸ್ನಾಯು ಮೆಲ್ಲಗೆ ಕರಗತೊಡಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಚೀಲ ಸಣ್ಣದಾದರೂ ತುಂಬುವ ಧಾನ್ಯ ಅಷ್ಟೇ ಇದ್ದರೆ ಉಳಿದದ್ದು ನೆಲಕ್ಕೆ ಚೆಲ್ಲುತ್ತದಲ್ಲವೇ? ಹಾಗೆ ಸ್ನಾಯು ಹಿಡಿಯಲಾರದ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಆದ್ದರಿಂದ “ನಾ ಇಪ್ಪತ್ತರಾಗ ಹತ್ತ ಜಿಲೇಬಿ ತಿಂತಿದ್ದೆ” ಎಂಬ ಮಾತು ನಿಜವಿರಬಹುದು, ಆದರೆ ಅದು ಎಪ್ಪತ್ತರ ದೇಹಕ್ಕೆ ಅನ್ವಯಿಸುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ. ಅಂದರೆ ಇದು ನಮ್ಮ ಓಣಿಯ ಒಂದೆರಡು ಮನೆಯ ಮಾತಲ್ಲ.

ನಮ್ಮ ಮನೆಯಲ್ಲಿ ನಡೆದದ್ದು

ಪರರ ಮಾತೇಕೆ, ನಮ್ಮ ಮನೆಯದನ್ನೇ ಹೇಳುತ್ತೇವೆ. ನಮ್ಮ ಕುಟುಂಬದ ಹಿರಿಯರೊಬ್ಬರನ್ನು ನಾವೆಲ್ಲ ಬಡೇ ಅಬ್ಬಾ ಎನ್ನುತ್ತಿದ್ದೆವು. ಇಡೀ ಓಣಿಯನ್ನು ನಗಿಸುತ್ತಿದ್ದ ಮನುಷ್ಯ. ಶುಗರ್ ಬಂದು ವರ್ಷಗಳಾಗಿದ್ದವು. ಬಾಯಲ್ಲಿ ಹಲ್ಲು ಉಳಿದಿರಲಿಲ್ಲ. “ಅಲ್ಲಾಹ್ ಹಲ್ಲ ತಗೊಂಡಾನ, ಯಾಕ ಗೊತ್ತೇನು? ಇನ್ನ ಮ್ಯಾಲ ಮೆತ್ತಂದ ತಿನ್ನು ಅಂತ” ಎಂದು ಜಿಲೇಬಿಗೆ ಕೈ ಹಾಕುತ್ತಿದ್ದರು. ನಾವು ನಗುತ್ತಿದ್ದೆವು, ತಟ್ಟೆ ಸರಿಸುತ್ತಿರಲಿಲ್ಲ.

ಆಮೇಲೊಂದು ದಿನ ರಕ್ತ ಪರೀಕ್ಷೆಯ ಚೀಟಿ ನೋಡಿ ಮನೆಯವರೆಲ್ಲ ಹೆದರಿದರು. ನಗು ನಿಂತು ಗದರಿಕೆ ಶುರುವಾಯಿತು. ಬೀಗರ ಎದುರು, ಮೊಮ್ಮಕ್ಕಳ ಎದುರು “ಅವರಿಗೆ ಹಾಕಬ್ಯಾಡ್ರಿ, ಅವರಿಗೆ ಶುಗರ್ ಐತಿ” ಎಂದೆವು. ಡಬ್ಬಿಗೆ ಬೀಗ ಹಾಕಿದೆವು. ಅವರು ಕದ್ದು ತಿನ್ನತೊಡಗಿದರು. ಒಮ್ಮೆ ಮೊಮ್ಮಗಳು “ದಾದಾ, ನಿಮ್ಮ ಕಿಸೇದಾಗ ಏನೈತಿ?” ಎಂದು ಕೈ ಹಾಕಿ, ಕಾಗದದಲ್ಲಿ ಸುತ್ತಿದ ಪೇಡಾ ತೆಗೆದಳು. ಎಲ್ಲರೂ ನಕ್ಕರು. ಬಡೇ ಅಬ್ಬಾ ಮಾತ್ರ ನಗಲಿಲ್ಲ. ಆ ಮುಖವನ್ನು ನಾವು ಇನ್ನೂ ಮರೆತಿಲ್ಲ.

ಕದಿಯುವುದನ್ನು ಕಲಿತವರು ಗಾಯವನ್ನೂ ಮುಚ್ಚಿಟ್ಟರು. ಚಪ್ಪಲಿಯ ಮೊಳೆ ಚುಚ್ಚಿದ್ದು ಅವರಿಗೆ ಗೊತ್ತಾಗಿಯೇ ಇರಲಿಲ್ಲ, ಏಕೆಂದರೆ ಪಾದದ ನರಗಳು ಜಡವಾಗಿದ್ದವು. ಗೊತ್ತಾದ ಮೇಲೂ ಬೈಯುತ್ತಾರೆಂದು ಹೇಳಲಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿ ಒಂದು ಬೆರಳನ್ನು ತೆಗೆಯಬೇಕಾಯಿತು. ಮನೆಗೆ ಬಂದ ದಿನ ಅವರು ಮತ್ತೆ ತಮಾಷೆ ಮಾಡಿದರು: “ಒಂಬತ್ತ ಉಳದಾವ, ಲೆಕ್ಕ ಬರದ ಇಟ್ಕೋರಿ.” ಆ ದಿನ ನಗಲು ನಮಗೆ ಆಗಲಿಲ್ಲ.

ನಾವು ಎರಡು ತಪ್ಪು ಮಾಡಿದ್ದೆವು. ನಗಬಾರದ ಕಡೆ ನಕ್ಕು ಅವರ ಜೊತೆ ತಿಂದೆವು. ನಂತರ ಎಲ್ಲರೆದುರು ಅವರನ್ನು ಸಣ್ಣ ಮಾಡಿದೆವು. ತಂದೆತಾಯಿ ಮುಪ್ಪಿಗೆ ತಲುಪಿದಾಗ ಅವರಿಗೆ ‘ಉಫ್’ ಎಂದೂ ಅನ್ನಬಾರದೆಂದು ಕುರ್‌ಆನ್ ಕಲಿಸಿದೆ. ಪಥ್ಯದ ನೆಪದಲ್ಲಿ ನಾವು ಉಫ್‌ಗಿಂತ ದೊಡ್ಡ ಮಾತುಗಳನ್ನೇ ಆಡಿದ್ದೆವು.

ಪ್ರವಾದಿಯವರು(ಸ) ತಡೆದ ರೀತಿ

ಹಾಗಾದರೆ ತಡೆಯುವುದು ಹೇಗೆ? ಎರಡು ಪ್ರಸಂಗಗಳು ನಮಗೆ ದಾರಿ ತೋರಿಸುತ್ತವೆ, ಎರಡೂ ಖರ್ಜೂರದ್ದೇ.

ಮೊದಲನೆಯದು ಹಝ್ರತ್ ಸುಹೈಬ್ ರೂಮಿಯವರದ್ದು(ರ). ಅವರಿಗೆ ಕಣ್ಣುನೋವು ಬಂದಿತ್ತು. ಆದರೂ ಪ್ರವಾದಿಯವರ(ಸ) ಮುಂದೆ ಖರ್ಜೂರ ತಿನ್ನುತ್ತಿದ್ದರು. ಕಣ್ಣುನೋವಿದ್ದೂ ಖರ್ಜೂರ ತಿನ್ನುವಿರಾ ಎಂದು ಪ್ರವಾದಿಯವರು(ಸ) ಕೇಳಿದಾಗ, ನಾನು ಇನ್ನೊಂದು ಬದಿಯಿಂದ ಅಗಿಯುತ್ತಿದ್ದೇನೆ ಎಂದು ಸುಹೈಬ್(ರ) ಉತ್ತರಿಸಿದರು. ಪ್ರವಾದಿಯವರು(ಸ) ಮುಗುಳ್ನಕ್ಕರು ಎಂದು ಇಬ್ನುಮಾಜಃದಲ್ಲಿದೆ. ಗಮನಿಸಿ, ಪ್ರಶ್ನೆ ಕೇಳಿದ್ದು ನಿಜ, ಆದರೆ ಗದರಿಕೆ ಇರಲಿಲ್ಲ. ತಮಾಷೆಗೆ ನಕ್ಕರು, ಆದರೆ ಎಚ್ಚರಿಕೆ ಹೇಳದೆ ಬಿಡಲಿಲ್ಲ.

ಎರಡನೆಯದು ಹಝ್ರತ್ ಅಲೀಯವರದ್ದು(ರ). ಅವರು ಆಗಷ್ಟೇ ಕಾಯಿಲೆಯಿಂದ ಎದ್ದಿದ್ದರು. ಉಮ್ಮುಲ್ ಮುಂದಿರ್(ರ) ಎಂಬವರ ಮನೆಯಲ್ಲಿ ಖರ್ಜೂರದ ಗೊನೆಗಳು ತೂಗುತ್ತಿದ್ದವು. ಪ್ರವಾದಿಯವರು(ಸ) ತಿನ್ನುವುದನ್ನು ಕಂಡು ಅಲೀ(ರ) ಕೂಡ ಕೈ ಹಾಕಿದರು. ನೀವು ಇನ್ನೂ ಪೂರ್ತಿ ಚೇತರಿಸಿಲ್ಲ, ಸಾಕು ಎಂದು ಪ್ರವಾದಿಯವರು(ಸ) ಅವರನ್ನು ತಡೆದರು. ಆ ಮನೆಯಾಕೆ ಜವೆಗೋಧಿ ಮತ್ತು ಸೊಪ್ಪು ಬೇಯಿಸಿ ತಂದಾಗ, ಇದನ್ನು ತಿನ್ನಿ, ಇದು ನಿಮಗೆ ಒಳ್ಳೆಯದು ಎಂದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಇದು ವರದಿಯಾಗಿದೆ.

ಇಲ್ಲಿರುವ ಕ್ರಮ ನೋಡಿ. ಒಂದು ಕೈಯಿಂದ ತಡೆದರು, ಇನ್ನೊಂದು ಕೈಯಿಂದ ಕೊಟ್ಟರು. ನಾವು ತಡೆಯುವುದನ್ನು ಮಾತ್ರ ಕಲಿತಿದ್ದೇವೆ. ಹಿರಿಯರ ಮುಂದಿನ ಸಿಹಿಯನ್ನು ಸರಿಸಿ ಖಾಲಿ ತಟ್ಟೆ ಇಡುತ್ತೇವೆ, ನಾವು ಮಾತ್ರ ಅವರೆದುರೇ ತಿನ್ನುತ್ತೇವೆ. ಸಿಹಿ ಹರಾಮ್ ಅಲ್ಲ. ಪ್ರವಾದಿಯವರಿಗೆ(ಸ) ಸಿಹಿ ಮತ್ತು ಜೇನು ಇಷ್ಟವಿತ್ತೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದು ಬುಖಾರಿಯಲ್ಲಿದೆ. ಆದರೆ ತಿನ್ನಿರಿ, ಕುಡಿಯಿರಿ ಎಂದ ಕುರ್‌ಆನ್ ಅದೇ ಉಸಿರಿನಲ್ಲಿ ಮಿತಿಮೀರಬಾರದೆಂದೂ ಹೇಳಿದೆ.

ಮನೆಯಲ್ಲಿ ಏನು ಮಾಡಬಹುದು

ಮೊದಲು ಚಹಾದ ಲೆಕ್ಕ. ದಿನಕ್ಕೆ ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ ಎಂದರೆ ಎಂಟು ಚಮಚ, ಅಂದರೆ 32 ಗ್ರಾಂಗೆ ಕಡಿಮೆಯಿಲ್ಲ. ಆರೋಗ್ಯವಂತರೂ ಸೇರಿಸಿದ ಸಕ್ಕರೆಯನ್ನು ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದೊಳಗೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಸಿಹಿತಿಂಡಿ ಮುಟ್ಟುವ ಮೊದಲೇ ನಾವು ಆ ಗಡಿ ದಾಟಿರುತ್ತೇವೆ. ಒಮ್ಮೆಲೇ ಬಿಡುವುದು ಕಷ್ಟ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಮನೆಯವರೆಲ್ಲ ಒಟ್ಟಿಗೆ ಇಳಿಸಿದರೆ ಹಿರಿಯರಿಗೆ ತಮ್ಮದೇ ಬೇರೆ ಕಪ್ ಎಂಬ ನೋವು ಇರುವುದಿಲ್ಲ.

ಎರಡನೆಯದು ಬೆಲ್ಲದ ಭ್ರಮೆ. “ಸಕ್ರಿ ಬ್ಯಾಡ, ಬೆಲ್ಲಾ ನಡೀತೈತಿ” ಎಂದು ಮಾದಲಿ, ಗೋಧಿ ಹುಗ್ಗಿಯನ್ನು ಧಾರಾಳವಾಗಿ ಬಡಿಸುತ್ತೇವೆ. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ ಇದೆ. ಜೇನೂ ಹಾಗೆಯೇ. ಖರ್ಜೂರದಲ್ಲಿ ನಾರು, ಖನಿಜ ಇರುವುದು ನಿಜ, ಆದರೆ ದೊಡ್ಡ ಜಾತಿಯ ಒಂದೇ ಹಣ್ಣಿನಲ್ಲಿ 15 ಗ್ರಾಂ ಹತ್ತಿರ ಸಕ್ಕರೆ ಇರುತ್ತದೆ. ಇಫ್ತಾರಿಗೆ ಒಂದು ಸಾಕು, ಸುನ್ನತ್ ಪೂರ್ತಿಯಾಗುತ್ತದೆ.

ಮೂರನೆಯದು ಹಬ್ಬದ ದಿನ. ಆ ದಿನ ಸುರಕುಂಬವೇ ಬೇಡ ಎನ್ನುವುದು ಆಗದ ಮಾತು. ಸಣ್ಣ ಬಟ್ಟಲು ಇಡಿ, ಎಲ್ಲರಿಗೂ ಸಣ್ಣ ಬಟ್ಟಲೇ ಇಡಿ. ಸಕ್ಕರೆ ಕಡಿಮೆ ಹಾಕಿ, ಬಾದಾಮಿ, ಚಾರೋಳಿ ಹೆಚ್ಚಿಸಿ. ಬರಿಹೊಟ್ಟೆಯಲ್ಲಿ ಬೇಡ, ಊಟದ ಜೊತೆಗಿರಲಿ, ಆ ದಿನ ಅನ್ನ, ರೊಟ್ಟಿ ಸ್ವಲ್ಪ ಕಡಿಮೆಯಾಗಲಿ. ಊಟದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಇಶಾ ನಮಾಝಿಗೆ ಮೊಮ್ಮಗನ ಕೈ ಹಿಡಿದು ಮಸೀದಿಗೆ ನಡೆದು ಹೋದರೆ ಎರಡೂ ಕೆಲಸ ಆದಂತೆ.

ನಾಲ್ಕನೆಯದು ಪರರ ಮನೆಯ ಒತ್ತಾಯ. “ಒಂದ ತುತ್ತ ತಗೋರಿ, ಏನ್ ಆಗೂದಿಲ್ಲ” ಎಂಬುದು ನಮ್ಮ ಸೀಮೆಯ ಪ್ರೀತಿ. ಬೇಡವೆಂದರೆ ಮನಸ್ಸು ನೋಯುತ್ತದೆ. ಒಂದು ಚಮಚ ಬಾಯಿಗಿಟ್ಟು, ಮನಸಾರೆ ಹೊಗಳಿ, “ಉಳದಿದ್ದು ಮಕ್ಕಳಿಗೆ ಕಟ್ಟಿಕೊಡ್ರಿ” ಎಂದರೆ ಪ್ರೀತಿಯೂ ಉಳಿಯುತ್ತದೆ, ಪಥ್ಯವೂ ಉಳಿಯುತ್ತದೆ. ಬಡಿಸುವವರೂ ಕಲಿಯಬೇಕು. ಹಿರಿಯರು ಒಮ್ಮೆ ಸಾಕೆಂದರೆ ಅದು ಸಾಕೇ. ಅವರ ಮುಂದೆ ಹುರಿದ ಶೇಂಗಾ, ಪೇರಲ ಹಣ್ಣಿನ ಹೋಳು, ಮಜ್ಜಿಗೆ ಇಡಿ. ಅಲೀಯವರ(ರ) ಮುಂದೆ ಬಂದ ಜವೆ ಮತ್ತು ಸೊಪ್ಪಿನಂತೆ ಅವರಿಗೂ ಏನಾದರೂ ಇರಲಿ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಕೆಳಗಿಳಿಯುವುದೂ ಉಂಟು. ಬೆವರು, ನಡುಕ, ಕಣ್ಣು ಮಂಜಾಗುವುದು, ತೊದಲು ಮಾತು ಕಂಡರೆ ತಡಮಾಡದೆ ಮೂರು ಚಮಚ ಸಕ್ಕರೆ ಕಲಸಿದ ನೀರು ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂಥವರ ಕಿಸೆಯಲ್ಲಿ ನಾಲ್ಕು ಪೆಪ್ಪರಮಿಂಟು ಇದ್ದರೆ ಅದು ಕಳ್ಳತನವಲ್ಲ, ಔಷಧ. ಉಪವಾಸದಲ್ಲೂ ಇದೇ ನಿಯಮ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಉಪವಾಸ ಮುರಿಯಬೇಕೆಂದು ವೈದ್ಯರು ಹೇಳುತ್ತಾರೆ. ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ. ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕೇಳಿ ಮಾತ್ರೆಯ ಹೊತ್ತು ಬದಲಿಸಿಕೊಳ್ಳಬೇಕು.

ತಪಾಸಣೆಗೆ ದೂರ ಹೋಗಬೇಕಿಲ್ಲ. ಗದಗಿನ ಜಿಲ್ಲಾ ಆಸ್ಪತ್ರೆಯಲ್ಲಿ, ಹತ್ತಿರದ ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ನೋಡುತ್ತಾರೆ. ಬರಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಮಧುಮೇಹ ಎಂದರ್ಥ. 100ರಿಂದ 125 ಇದ್ದರೆ ಹೊಸ್ತಿಲು. ಕಳೆದ ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಗಡಿ. ದಿನವೂ ವುಝೂ ಮಾಡುವಾಗ ಪಾದ ತೊಳೆಯುತ್ತೇವಲ್ಲ, ಆಗಲೇ ಬೆರಳ ಸಂದು, ಅಂಗಾಲು ನೋಡಿಕೊಂಡರೆ ಸಾಕು. ಕಣ್ಣು ಮಂದವಾದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ. ಬಡೇ ಅಬ್ಬಾ ಅವರ ಬೆರಳು ಉಳಿಯಲು ಇಷ್ಟೇ ಬೇಕಿತ್ತು.

ಹೇಗೆ ನಗಬೇಕು

ಇನ್ನು ಮುಪ್ಪಿನ ನಗು. ಅದನ್ನು ನಾವು ನಿಲ್ಲಿಸಬೇಕಿಲ್ಲ. ಪ್ರವಾದಿಯವರು(ಸ) ತಮಾಷೆ ಮಾಡುತ್ತಿದ್ದರು, ಆದರೆ ಸತ್ಯವನ್ನಷ್ಟೇ ಹೇಳುತ್ತಿದ್ದರು. ಸ್ವರ್ಗಕ್ಕಾಗಿ ದುಆ ಮಾಡಿರೆಂದು ಬಂದ ವೃದ್ಧೆಗೆ, ಮುದುಕಿಯರು ಸ್ವರ್ಗ ಪ್ರವೇಶಿಸುವುದಿಲ್ಲ ಎಂದರಂತೆ. ಆಕೆ ಅಳುತ್ತಾ ಹೊರಟಾಗ, ಆಕೆ ಮುದುಕಿಯಾಗಿ ಪ್ರವೇಶಿಸುವುದಿಲ್ಲ, ಯೌವನ ಪಡೆದು ಪ್ರವೇಶಿಸುತ್ತಾಳೆ ಎಂದು ಹೇಳಿ ಕಳಿಸಿದರು. ಶಮಾಇಲ್ ತಿರ್ಮಿದಿಯಲ್ಲಿರುವ ಈ ಪ್ರಸಂಗದ ತಮಾಷೆ ಶುಭವಾರ್ತೆಯಲ್ಲಿ ಮುಗಿಯುತ್ತದೆ. ನಮ್ಮ ತಮಾಷೆಗೂ ಇದೇ ಅಳತೆ. ಕೇಳಿದವರು ಕೊನೆಗೆ ಹಗುರಾಗಬೇಕು.

ಮುಲ್ಲಾ ನಸ್ರುದ್ದೀನನ ಕಥೆಯೂ ಇಂಥದ್ದೇ. ನನ್ನ ಬಲ ಯೌವನದಲ್ಲಿ ಇದ್ದಷ್ಟೇ ಇದೆ ಎಂದು ಅವನು ಹೇಳಿದನಂತೆ. ಹೇಗೆಂದು ಕೇಳಿದರೆ, ಅಂಗಳದಲ್ಲೊಂದು ದೊಡ್ಡ ಕಲ್ಲಿದೆ, ಅದನ್ನು ಆಗಲೂ ಎತ್ತಲು ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ ಎಂದನಂತೆ. ಇದು ತನ್ನನ್ನೇ ನೋಡಿ ನಕ್ಕ ನಗು. ಹಿರಿಯರು ತಮ್ಮ ಬಗ್ಗೆ ತಾವೇ ನಗುವುದು ಬೇರೆ, ನಾವು ಅವರನ್ನು ನೋಡಿ ನಗುವುದು ಬೇರೆ. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡುವುದನ್ನು ಕುರ್‌ಆನ್ ತಡೆದಿದೆ. ನರೆಯನ್ನು ಕೀಳಬೇಡಿ, ಅದು ಮುಸ್ಲಿಮನಿಗೆ ಬೆಳಕು ಎಂಬರ್ಥದ ಹದೀಸ್ ಇದೆ. ಆ ಬೆಳಕನ್ನು ಗೇಲಿಯ ವಸ್ತು ಮಾಡುವ ಹಕ್ಕು ನಮಗಿಲ್ಲ.

ಬಡೇ ಅಬ್ಬಾ ಅದಾದ ಮೇಲೂ ಕೆಲ ವರ್ಷ ನಮ್ಮೊಂದಿಗಿದ್ದರು. ನಾವು ಡಬ್ಬಿಯ ಬೀಗ ತೆಗೆದೆವು. ಮನೆಯ ಎಲ್ಲರ ಚಹಾದ ಸಕ್ಕರೆ ಇಳಿಯಿತು. ಮೊಮ್ಮಗಳಿಗೆ ದಾದಾನ ಪಾದ ನೋಡುವ ಕೆಲಸ ಕೊಟ್ಟೆವು. ಅವಳು ದಿನವೂ ಒಂಬತ್ತು ಬೆರಳು ಎಣಿಸಿ “ಎಲ್ಲಾ ಅದಾವ” ಎನ್ನುತ್ತಿದ್ದಳು. ಅವರ ಕೊನೆಯ ರಮಝಾನ್ ಹಬ್ಬದಲ್ಲಿ ಸೊಸೆ ಸುರಕುಂಬದ ಸಣ್ಣ ಬಟ್ಟಲು ಮುಂದಿಟ್ಟಾಗ ಎರಡು ಚಮಚ ತಿಂದು, ಬಟ್ಟಲು ಸರಿಸಿ ಹೇಳಿದರು: “ಸಾಕವ್ವಾ. ಉಳದಿದ್ದ ಜನ್ನತ್ತಿನ್ಯಾಗ ತಿಂತೀನಿ, ಅಲ್ಲಿ ಹಲ್ಲೂ ಬರ್ತಾವ, ಶುಗರೂ ಇರಂಗಿಲ್ಲ.”

ಆ ದಿನ ನಾವೆಲ್ಲ ನಕ್ಕೆವು, ಅವರೂ ನಕ್ಕರು.

ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯವನ್ನೂ, ನಮಗೆ ಅವರ ಸೇವೆ ಮಾಡುವ ತಾಳ್ಮೆಯನ್ನೂ ಕರುಣಿಸಲಿ. ನಮ್ಮ ಮನೆಗಳಲ್ಲಿ ನೋಯಿಸದ ನಗುವನ್ನು ಉಳಿಸಲಿ. ಆಮೀನ್.